ಎಮ್ಮೆ ಕರೆಯುವ ಆಟ

ಬೆಳಗಾವಿಯ ಒಂದು ಖಾಸಗಿ ಹೈಸ್ಕೂಲಿನಲ್ಲಿ ನಾನು ಕಂಪ್ಯೂಟರ್ ಟೀಚರ್. ಶನಿವಾರ ನಮ್ಮದು ಮುಂಜಾನೆಯ ಶಾಲೆ, ಹನ್ನೊಂದೂವರೆಗೆ ಬಿಡುತ್ತದೆ. ಮೂರು ವರ್ಷ ನಾನು ಆ ಹೊತ್ತಿಗೆ ಮನೆಗೆ ಹೋಗದೆ ಖಾನಾಪುರದ ಬಸ್ಸು ಹತ್ತುತ್ತಿದ್ದೆ. ಪೀರನವಾಡಿ ದಾಟುವಾಗ ಕಿಟಕಿಯಿಂದ ನಮ್ಮ ಮನೆಯ ಓಣಿ ಕಾಣುತ್ತಿತ್ತು. ಅಲ್ಲಿ ಇಳಿದರೆ ಬಿಸಿ ಊಟ, ಇಳಿಯದಿದ್ದರೆ ಡಬ್ಬಿಯಲ್ಲಿಟ್ಟ ತಣ್ಣನೆಯ ಚಪಾತಿ. ಒಂದು ಶನಿವಾರವೂ ಇಳಿಯಬೇಕೆನ್ನಿಸಲಿಲ್ಲ.

ಖಾನಾಪುರದ ಒಂದು ಹೈಸ್ಕೂಲಿನ ಹೆಡ್ ಮಾಸ್ತರರು ಒಂದು ತರಬೇತಿಯಲ್ಲಿ ಪರಿಚಯವಾಗಿದ್ದರು. "ಹತ್ತು ಕಂಪ್ಯೂಟರ್ ಅದಾವ್ರಿ ಟೀಚರ್, ಕಲಸಾವರ ಇಲ್ಲ. ಶನಿವಾರ ಎರಡು ತಾಸು ಬರ್ರಿ ಸಾಕು," ಎಂದಿದ್ದರು. ಹೋಗಿ ನೋಡಿದರೆ ಹತ್ತರಲ್ಲಿ ಆರು ಮಾತ್ರ ಚಾಲೂ ಆದವು. ಎಂಟನೆಯ, ಒಂಬತ್ತನೆಯ ತರಗತಿಯ ಹದಿನೆಂಟು ಮಕ್ಕಳು ಒಂದೊಂದಕ್ಕೆ ಮೂವರಂತೆ ಕೂತರು. ಚಪ್ಪಲಿ ಹೊರಗೆ ಬಿಟ್ಟು ಬರಬೇಕೆಂಬ ನಿಯಮವಿತ್ತು. ಮಳೆಗಾಲದಲ್ಲಿ ಬಾಗಿಲ ಮುಂದೆ ಕೆಸರು ಮೆತ್ತಿದ ಹದಿನೆಂಟು ಜೊತೆ ಚಪ್ಪಲಿಗಳ ರಾಶಿ ಬೀಳುತ್ತಿತ್ತು.

ಮೊದಲ ಎರಡು ವಾರ ಪಠ್ಯದಲ್ಲಿದ್ದ ಹಾಗೆ ಕಂಪ್ಯೂಟರಿನ ಭಾಗಗಳನ್ನು ಹೇಳಿಕೊಟ್ಟೆ. ಮಕ್ಕಳು ಆಕಳಿಸಿದರು. ಮೂರನೆಯ ವಾರ ಹಿಂದಿನ ಸಾಲಿನಿಂದ ಒಬ್ಬ ಕೇಳಿದ: "ಟೀಚರ್, ಇದರಾಗ ಗೇಮ್ ಮಾಡಾಕ ಬರ್ತೈತೇನ್ರಿ?"

"ಆಡಾಕೋ, ಮಾಡಾಕೋ?"

"ಮಾಡಾಕ್ರಿ. ಆಡಾಕ ನಮ್ಮ ಕಾಕಾನ ಫೋನ್ ಐತಿ."

ಬರುತ್ತದೆ ಎಂದುಬಿಟ್ಟೆ. ನನಗೆ ಬರುತ್ತಿರಲಿಲ್ಲ. ಮುಂದಿನ ಶನಿವಾರದೊಳಗೆ ಕಲಿತೆ. ಆಮೇಲೆ ಮೂರು ವರ್ಷವೂ ಹಾಗೆಯೇ ನಡೆಯಿತು. ನಾನು ಅವರಿಗಿಂತ ಒಂದೇ ವಾರ ಮುಂದೆ ಇರುತ್ತಿದ್ದೆ. ಪರದೆಯ ಮೇಲೆ ಬಣ್ಣದ ತುಂಡುಗಳನ್ನು ಒಂದರ ಕೆಳಗೊಂದು ಜೋಡಿಸಿದರೆ ಅದೇ ಪ್ರೋಗ್ರಾಮ್. ಈ ಕೀಲಿ ಒತ್ತಿದರೆ ಹತ್ತು ಹೆಜ್ಜೆ ಬಲಕ್ಕೆ, ಆ ಕೀಲಿ ಒತ್ತಿದರೆ ಎಡಕ್ಕೆ. ಗೋಡೆ ತಾಗಿದರೆ ತಿರುಗು. ಒಂದು ದಿನ ಚೆಂಡು ಬೀಳಿಸುವುದನ್ನು ಮಾಡಿಸಿದೆ. ನೆಲ ಹಾಕುವುದನ್ನು ಎಲ್ಲರೂ ಮರೆತಿದ್ದರು. ಚೆಂಡು ಪರದೆಯ ಕೆಳಗೆ ಇಳಿದು ಕಾಣದಾಯಿತು.

"ಎಲ್ಲಿ ಹೋತ್ರಿ ಟೀಚರ್?"

"ಎಲ್ಲೂ ಹೋಗಿಲ್ಲ. ನಮಗ ಕಾಣವಲ್ದು, ಅದು ಇನ್ನೂ ಬೀಳಾಕತ್ತೈತಿ."

ಕ್ಲಾಸು ಒಂದು ಗಳಿಗೆ ಸುಮ್ಮನಾಯಿತು. ಹದಿನೆಂಟು ಮಕ್ಕಳು ಪರದೆಯ ಕೆಳಗಿನ ಮೇಜನ್ನು ನೋಡುತ್ತಿದ್ದರು. ಈಗಲೂ ಶನಿವಾರ ಮಧ್ಯಾಹ್ನ ಕೈ ಖಾಲಿ ಇರುವಾಗ ಆ ಮೌನ ನೆನಪಾಗುತ್ತದೆ. ಇಪ್ಪತ್ತು ವರ್ಷದ ಮಾಸ್ತರಿಕೆಯಲ್ಲಿ ಅಂಥ ಗಳಿಗೆಗಳು ನನಗೆ ಹೆಚ್ಚು ಸಿಕ್ಕಿಲ್ಲ.

ಅವರಲ್ಲಿ ಒಬ್ಬಳು ಒಂಬತ್ತನೆಯ ತರಗತಿಯ ಹುಡುಗಿ. ಖಾನಾಪುರದಿಂದ ಆಚೆ, ಕಾಡಿನ ಕಡೆ ನಾಲ್ಕು ಕಿಲೋಮೀಟರ್ ದೂರದ ಹಳ್ಳಿಯವಳು. ಮಾತು ಕಡಿಮೆ. ಅವಳ ಮನೆಯಲ್ಲಿ ಅಜ್ಜನದು ಕನ್ನಡ, ಅಜ್ಜಿಯದು ಮರಾಠಿ. ಎರಡನ್ನೂ ಕೇಳಿ ಬೆಳೆದವಳು ಎರಡರಲ್ಲೂ ಸುಮ್ಮನಿರಲು ಕಲಿತಿದ್ದಳು. ವರ್ಷದ ಕೊನೆಗೆ ಒಬ್ಬೊಬ್ಬರೂ ತಮ್ಮದೇ ಒಂದು ಆಟ ಮಾಡಬೇಕು ಎಂದಾಗ ಉಳಿದವರೆಲ್ಲ ಕಾರು, ಕ್ರಿಕೆಟ್ಟು, ಬಂದೂಕು ಎಂದರು. ಇವಳು ನೋಟ್‌ಬುಕ್ಕಿನಲ್ಲಿ ಚಿತ್ರ ಬರೆದುಕೊಂಡು ಬಂದಳು. ಒಂದು ಹೊಳೆ, ದಂಡೆಯ ಹುಲ್ಲಿನಲ್ಲಿ ಮೂರು ಎಮ್ಮೆ, ಸೀರೆಯ ಕಚ್ಚೆ ಕಟ್ಟಿದ ಒಬ್ಬ ಅಜ್ಜಿ. ಮಳೆ ಬರುವುದರೊಳಗೆ ಅಜ್ಜಿ ಮೂರೂ ಎಮ್ಮೆಗಳನ್ನು ಮನೆ ಮುಟ್ಟಿಸಬೇಕು. ಹೊಳೆಗೆ ಬಿದ್ದರೆ ಆಟ ಮುಗಿಯಿತು.

ಒಂದು ಶನಿವಾರ ಅವಳು ತಾನಾಗಿ ಎದ್ದು ಬಂದಳು. "ಎಮ್ಮಿ ಹಿಂದ ಬರವಲ್ಲವ್ರಿ ಟೀಚರ್."

ಅಜ್ಜಿಯ ಕಡೆ ತಿರುಗು, ಎರಡು ಹೆಜ್ಜೆ ಇಡು ಎಂಬ ತುಂಡುಗಳನ್ನು ಜೋಡಿಸಿ ಕೊಟ್ಟೆ. ಎಮ್ಮೆಗಳು ಅಜ್ಜಿಯ ಬೆನ್ನಿಗೆ ಅಂಟಿಕೊಂಡಂತೆ ಹೊರಟವು. ಅವಳು ತಲೆಯಾಡಿಸಿದಳು.

"ಹಿಂಗ ಬರೂದಿಲ್ರಿ ಅವು. ಅಜ್ಜಿ ಕರದ ಮ್ಯಾಲೆ ಬರತಾವ. ಅವ್ವ ಕರದ್ರೂ ಬರೂದಿಲ್ಲ, ನಾ ಕರದ್ರೂ ಬರೂದಿಲ್ಲ."

"ಹಂಗಾದ್ರ ಅಜ್ಜಿ ಕಡಿಂದನ ಕರೀಸು."

ಮುಂದಿನ ವಾರ ಅವಳು ಅಪ್ಪನ ಫೋನ್ ತಂದಳು. ಅಜ್ಜಿಯ ದನಿ ಅದರಲ್ಲಿತ್ತು. ತಂತಿ ಜೋಡಿಸಿ ಕಂಪ್ಯೂಟರಿಗೆ ಹಾಕಿಕೊಂಡು ಕೇಳಿದೆವು. ಮೊದಲು ಗಾಳಿಯ ಸದ್ದು. ಆಮೇಲೆ ಎದೆಯಿಂದ ಎದ್ದ ಒಂದು ಉದ್ದನೆಯ ದನಿ: "ಯೇ ಗ ಬಾಯೇ, ಯೇ... ಯೇ ಯೇ ಯೇ..." ಬಾರೇ ತಾಯಿ, ಬಾ ಎಂದು. ಅದು ಮುಗಿದ ಮೇಲೆ ಒಂದು ಕೆಮ್ಮು, ಮತ್ತೆ ಸಣ್ಣ ದನಿಯಲ್ಲಿ, ನಗುತ್ತಲೋ ನಾಚುತ್ತಲೋ, "ಝಾಲಂ ಕಾ?" ಆಯಿತೇನು ಎಂದು ಮೊಮ್ಮಗಳನ್ನು ಕೇಳಿದ್ದಳು ಅಜ್ಜಿ.

ಆಟದಲ್ಲಿ ಹಾಕುವ ಸದ್ದು ಚೊಕ್ಕಟವಾಗಿರಬೇಕು ಎಂದು ಅದೇ ವಾರ ನಾನು ಕಲಿತಿದ್ದೆ. ಹೊಸದಾಗಿ ಕಲಿತವರ ಹುಮ್ಮಸ್ಸು ಅದು. ಮೊದಲಿನ ಗಾಳಿ, ಕೊನೆಯ ಕೆಮ್ಮು, ಆ ಮಾತು, ಎಲ್ಲವನ್ನೂ ಕತ್ತರಿಸು ಎಂದೆ.

"ಅದು ಇರಲ್ರಿ ಟೀಚರ್. ಚಂದ ಅದ."

"ಎಮ್ಮಿಗೆ ಯಾರರ ಆತೇನು ಅಂತ ಕೇಳ್ತಾರೇನವ್ವ? ತಗಿ."

ಅವಳು ತೆಗೆದಳು. ಮೌಸ್ ಹಿಡಿದು ಆ ಭಾಗವನ್ನು ಆಯ್ದು, ಒಮ್ಮೆ ನನ್ನ ಮುಖ ನೋಡಿ, ಅಳಿಸಿದಳು. ಅಜ್ಜಿ ಎಮ್ಮೆಯ ಹತ್ತಿರ ಹೋಗಿ ಕೀಲಿ ಒತ್ತಿದರೆ ಆ ಕರೆ ಕೇಳುವಂತೆ, ಕೇಳಿದ ಮೇಲೆಯೇ ಎಮ್ಮೆ ಹೊರಡುವಂತೆ ಮಾಡಿದಳು. ಆ ವರ್ಷದ ಎಲ್ಲ ಆಟಗಳಲ್ಲಿ ಅದೇ ಚೆನ್ನಾಗಿತ್ತು. ಬಂದೂಕಿನ ಆಟ ಮಾಡಿದ ಹುಡುಗರೂ ಸಾಲು ಹಚ್ಚಿ ಎಮ್ಮೆ ಕರೆದರು. ಹೆಡ್ ಮಾಸ್ತರರು ಒಂದು ಸಲ ಆಡಿ, ಹೊಳೆಗೆ ಬಿದ್ದು, ನಕ್ಕು ಹೋದರು.

ಅವಳು ಹತ್ತನೆಯ ತರಗತಿಗೆ ಬಂದಮೇಲೂ ಶನಿವಾರ ತಪ್ಪಿಸುತ್ತಿರಲಿಲ್ಲ. ಭತ್ತ ಕೊಯ್ಯುವ ಕಾಲದಲ್ಲಿ ಎರಡು ವಾರ ಬರಲಿಲ್ಲ. ಅಜ್ಜಿ ತೀರಿಕೊಂಡಳೆಂದು ಅವಳ ಊರಿನ ಹುಡುಗ ಹೇಳಿದ. ಗದ್ದೆಯಿಂದ ಬಂದು ಕಟ್ಟೆಯ ಮೇಲೆ ಕೂತವಳು ಏಳಲಿಲ್ಲವಂತೆ.

ಮೂರನೆಯ ಶನಿವಾರ ಅವಳ ಜೊತೆ ಒಬ್ಬ ಅಜ್ಜ ಬಂದರು. ಬಿಳಿ ಧೋತರ, ಟೊಪ್ಪಿಗೆ. ಬಾಗಿಲಲ್ಲಿ ಮಕ್ಕಳ ಚಪ್ಪಲಿ ನೋಡಿ ತಾವೂ ಬಿಟ್ಟು ಒಳಗೆ ಬಂದರು.

"ಕುಂದರ್ರಿ," ಎಂದೆ.

ಅವರು ಕೂರಲಿಲ್ಲ. "ಟೀಚರ್ ಬಾಯಾರ, ಆಕಿ ದನಿ ಇದರಾಗ ಐತೆಂತಲ್ರಿ. ಮಗನ ಫೋನಿನ್ಯಾಗ ಇತ್ತು. ಅದು ನಾಟಿ ಮಾಡೂ ಮುಂದ ಕೆಸರಾಗ ಬಿದ್ದು ಹೋತು. ಈಗ ಎಲ್ಲೂ ಇಲ್ಲ."

ಹುಡುಗಿ ಆಟ ತೆರೆದಳು. ಬರೀ ದನಿಯನ್ನೇ ಕೇಳಿಸಬಹುದು, ಆಟ ಆಡಬೇಕಾಗಿಲ್ಲ ಎಂದು ನಾನು ಹೇಳಿದೆ.

"ಬ್ಯಾಡ್ರಿ. ಆಕಿ ಎಮ್ಮಿ ಇದ್ದಲ್ಲಿ ಹೋಗಿ ಕರೀತಿದ್ಲು. ನಾನೂ ಹೋಗಿ ಕೇಳ್ತೀನಿ," ಎಂದು ಕುರ್ಚಿಯ ತುದಿಗೆ ಕೂತರು.

ಬಾಣದ ಕೀಲಿಯ ಮೇಲೆ ಅವರ ತೋರುಬೆರಳು ಇಟ್ಟು ಮೊಮ್ಮಗಳು ತೋರಿಸಿದಳು. ಅವರು ಒತ್ತಿದರು, ಬಿಡಲಿಲ್ಲ. ಪರದೆಯ ಅಜ್ಜಿ ಒಂದೇ ಓಟಕ್ಕೆ ಹುಲ್ಲು ದಾಟಿ ಹೊಳೆಗೆ ಹೋಗಿ ಬಿದ್ದಳು. ಅವರು ಕೈ ತೆಗೆದುಬಿಟ್ಟರು.

"ಮುಣಗಿದ್ಲೇನ?"

"ಇಲ್ಲಜ್ಜಾ. ಮತ್ತ ಮೊದಲಿಂದ ಸುರು ಆಗತೈತಿ."

ಮಕ್ಕಳೆಲ್ಲ ತಮ್ಮ ಕೆಲಸ ಬಿಟ್ಟು ನೋಡುತ್ತಿದ್ದರು. ಯಾರೂ ನಗಲಿಲ್ಲ. ಒಬ್ಬ ಹತ್ತಿರ ಬಂದು, "ಒತ್ತಿ ಹಿಡೀಬ್ಯಾಡ ಅಜ್ಜಾ, ಒಂದೊಂದ ಸಲ ಮುಟ್ಟಿ ಬಿಡು," ಎಂದು ಹೇಳಿಕೊಟ್ಟ. ಎರಡನೆಯ ಸಲವೂ ಹೊಳೆ. ಮೂರನೆಯ ಸಲ ಮಳೆ ಬಂದುಬಿಟ್ಟಿತು. ನಾಲ್ಕನೆಯ ಸಲ ಅವರು ಒಂದೊಂದೇ ಹೆಜ್ಜೆ ಇಡಿಸಿ ಮೊದಲ ಎಮ್ಮೆಯ ಹತ್ತಿರ ತಲುಪಿದರು.

"ಯೇ ಗ ಬಾಯೇ, ಯೇ..."

ಅಜ್ಜ ಟೊಪ್ಪಿಗೆ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. ಎಮ್ಮೆ ಹೊರಟಿತು. ಅದು ಮನೆ ಮುಟ್ಟುವ ತನಕ ಅವರು ನೋಡಿದರು. ಮತ್ತೆ ಎರಡನೆಯದರ ಹತ್ತಿರ ಹೋದರು, ಮತ್ತೆ ಮೂರನೆಯದರ ಹತ್ತಿರ. ಮೂರು ಸಲವೂ ಅದೇ ಕರೆ. ಮುಗಿದ ಮೇಲೆ ಸ್ವಲ್ಪ ಹೊತ್ತು ಕಾದರು, ಇನ್ನೇನೋ ಬರಬೇಕು ಎನ್ನುವ ಹಾಗೆ.

"ಕಡೀಕ ಆಕಿ ಏನೋ ಅಂದಿದ್ಲಲ್ಲ. ನಾ ಬಾಜೂಕ ಕುಂತಿದ್ದೆ. ಝಾಲಂ ಕಾ ಅಂದಿದ್ಲು."

ಕತ್ತರಿಸಲು ಹೇಳಿದ್ದು ನಾನೇ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಹುಡುಗಿ, ಪರದೆಯಿಂದ ಕಣ್ಣು ತೆಗೆಯದೆ ಹೇಳಿದಳು: "ಅದು ಬಂದಿಲ್ಲಜ್ಜಾ. ಅಷ್ಟರಾಗ ನಾ ಬಂದ್ ಮಾಡಿದ್ದೆ."

"ಹೋಗ್ಲಿ ಬಿಡು," ಎಂದರು ಅಜ್ಜ. "ಇದು ಎಮ್ಮಿ ಕರಿಯೂ ದನಿ. ಮಂದಿ ಕೂಡ ಮಾತಾಡೂ ದನಿ ಬ್ಯಾರೆ ಇತ್ತು." ಎದ್ದು ನನಗೆ ಕೈ ಮುಗಿದು ಹೋದರು. ಮಗು ನನಗಾಗಿ ಸುಳ್ಳು ಹೇಳಿತು, ನಾನು ಅದರ ಹಿಂದೆ ನಿಂತುಕೊಂಡೆ.

ಬಸ್ಸಿನಲ್ಲಿ ದೇಸೂರು ದಾಟುವ ತನಕ ನನ್ನ ಅವ್ವ ನೆನಪಾಗುತ್ತಿದ್ದಳು. ನಮ್ಮದು ಜೈನರ ಮನೆ; ಹೊತ್ತು ಮುಳುಗುವುದರೊಳಗೆ ಊಟ ಆಗಬೇಕು. ಓಣಿಯ ಮಕ್ಕಳೆಲ್ಲ ಇನ್ನೂ ಆಡುತ್ತಿರುವಾಗ ಅವ್ವ ಮಾಳಿಗೆಯ ಮೇಲೆ ನಿಂತು ನನ್ನನ್ನು ಕರೆಯುತ್ತಿದ್ದಳು. ಆಟ ಅರ್ಧಕ್ಕೆ ಬಿಟ್ಟು ಹೋಗಬೇಕಾಗುತ್ತಿತ್ತು, ಸಿಟ್ಟು ಬರುತ್ತಿತ್ತು. ನಾನು ಕಾಲೇಜಿನಲ್ಲಿದ್ದಾಗ ಅವ್ವ ಹೋದಳು. ಆಗ ಯಾರ ದನಿಯನ್ನೂ ಯಾರೂ ಹಿಡಿದಿಡುತ್ತಿರಲಿಲ್ಲ. ಏನೆಂದು ಕರೆಯುತ್ತಿದ್ದಳೋ ಆ ಮಾತು ನೆನಪಿದೆ, ದನಿ ನೆನಪಿಲ್ಲ. ಎಷ್ಟೋ ಸಲ ಕಣ್ಣು ಮುಚ್ಚಿ ಪ್ರಯತ್ನಿಸಿದ್ದೇನೆ. ನನ್ನದೇ ದನಿ ಬರುತ್ತದೆ.

ಮುಂದಿನ ಶನಿವಾರ ಹುಡುಗಿ ಎಂದಿನಂತೆ ಬಂದಳು. "ಅಜ್ಜ ಕೇಳಾಕತ್ತಾನ್ರಿ, ನಮ್ಮನ್ಯಾಗ ಐದು ಎಮ್ಮಿ ಅದಾವ, ಇದರಾಗ ಮೂರ ಯಾಕ ಅಂತ." ಇಬ್ಬರೂ ಕೂತು ಇನ್ನೆರಡು ಎಮ್ಮೆ ಸೇರಿಸಿದೆವು. ಒಂದರ ಕೊಂಬು ಸೊಟ್ಟ ಇರಬೇಕೆಂದು ಅಜ್ಜನ ಅಪ್ಪಣೆ ಇತ್ತು, ಸೊಟ್ಟ ಬರೆದಳು. ಅವರ ಮನೆಗೆ ಹೊಸ ಫೋನ್ ಬಂದಾಗ ಆಟವನ್ನು ಅದರಲ್ಲಿ ನಡೆಯುವಂತೆ ಮಾಡಿಕೊಟ್ಟೆ. ನನಗೆ ಗೊತ್ತಿಲ್ಲದ ಕೆಲಸ, ಹದಿನೈದು ದಿನ ಹಿಡಿಯಿತು. ನಾನು ಅದನ್ನು ಪ್ರಾಯಶ್ಚಿತ್ತ ಎಂದುಕೊಂಡೆನೋ ಏನೋ.

ಅದರ ಮರುವರ್ಷ ಹೆಡ್ ಮಾಸ್ತರರು ನಿವೃತ್ತರಾದರು. ಆರು ಕಂಪ್ಯೂಟರುಗಳು ನಾಲ್ಕಾಗಿ, ಎರಡಾಗಿ, ಕೊನೆಗೆ ಕೋಣೆಗೆ ಬೀಗ ಬಿತ್ತು. ಯಾರೂ ಬೇಡ ಎನ್ನಲಿಲ್ಲ, ಯಾರೂ ಬರ್ರಿ ಎನ್ನಲೂ ಇಲ್ಲ. ಬೆಳಗಾವಿಯ ನನ್ನ ಶಾಲೆಯಲ್ಲಿ ಮಕ್ಕಳಿಗೆ ಒಳ್ಳೆಯ ಯಂತ್ರಗಳಿವೆ, ಮನೆಯಲ್ಲೂ ಇವೆ. ಅವರೂ ಆಟ ಮಾಡುತ್ತಾರೆ, ಚೆನ್ನಾಗಿ ಮಾಡುತ್ತಾರೆ. ಆದರೂ ಅವರ ಹೆಗಲ ಮೇಲಿಂದ ಬಗ್ಗಿ ಪರದೆ ನೋಡುವಾಗ ನಾನು ಏನನ್ನೋ ಹುಡುಕುತ್ತಿರುತ್ತೇನೆ.

ಹೋದ ವರ್ಷ ಬೆಳಗಾವಿಯ ಬಸ್ ಸ್ಟ್ಯಾಂಡಿನಲ್ಲಿ ಯಾರೋ ಹಿಂದಿನಿಂದ ಟೀಚರ್ ಎಂದರು. ಅವಳೇ. ಎತ್ತರವಾಗಿದ್ದಾಳೆ. ದನಗಳ ವೈದ್ಯಕೀಯದ ಡಿಪ್ಲೊಮಾ ಓದುತ್ತಿದ್ದೇನೆ ಎಂದಳು. ಖಾನಾಪುರದ ಬಸ್ಸಿಗೆ ಇನ್ನೂ ಹೊತ್ತಿತ್ತು. ಚಹಾ ಕುಡಿಯುತ್ತ ನಾನು ಕೇಳಿಯೇಬಿಟ್ಟೆ.

"ಅವತ್ತ ಅಜ್ಜನ ಮುಂದ ಯಾಕ ಸುಳ್ಳ ಹೇಳಿದಿ?"

"ನಿಮ್ಮ ಮಾರಿ ನೋಡಿದ್ನಿರಿ," ಎಂದಳು. "ಮತ್ತ ಅಳಿಸಿದ್ದು ನನ್ನ ಕೈನ ಅಲ್ಲೇನ್ರಿ?"

"ತಪ್ಪು ನಂದವ್ವ. ನೀ ಇರಲಿ ಅಂದಿದ್ದಿ."

"ಆಮ್ಯಾಲೆ ಖರೇ ಹೇಳಿದ್ನಿರಿ ಅಜ್ಜಗ. ಸಿಟ್ಟಾಗಲಿಲ್ಲ ಅಂವಾ. 'ನನಗ ನೆನಪೈತಿ, ಹೆಂಗ ಅಂದ್ಲು ತೋರಸ್ತೀನಿ ತಡಿ' ಅಂತ ಹೇಳಿ, ಆಕಿ ಹಂಗ ಅಂದು ತೋರಿಸಿದಾ. ಝಾಲಂ ಕಾ ಅಂತ."

"ಹಂಗ ಇತ್ತೇನು?"

"ಇರಲಿಲ್ರಿ." ಅವಳು ಕಪ್ಪಿನೊಳಗೆ ನೋಡುತ್ತ ನಕ್ಕಳು. "ಹಂಗ ಅದ ಅಂತ ಹೇಳಿದ್ನಿ. ಈಗ ದಿನಾ ಸಂಜೀಕ ಆಟ ಮುಗಿದ ಮ್ಯಾಲೆ ತಾನ ಅಂತಾನ್ರಿ. ನಾವು ಹೂಂ ಅಂತೀವಿ."

ಬಸ್ಸು ಬಂತು. ಅವಳು ಬಗ್ಗಿ ನನ್ನ ಕಾಲು ಮುಟ್ಟಿ, ಗದ್ದಲದಲ್ಲಿ ಹತ್ತಿ, ಕಿಟಕಿ ಸಿಗದೆ ನಿಂತುಕೊಂಡೇ ಹೋದಳು.

ಅದಾದ ಮೇಲೆ ಒಂದು ಶನಿವಾರ ಶಾಲೆ ಮುಗಿಸಿಕೊಂಡು ಸುಮ್ಮನೆ ಖಾನಾಪುರಕ್ಕೆ ಹೋದೆ. ಕಂಪ್ಯೂಟರ್ ಕೋಣೆಯ ಬೀಗ ತುಕ್ಕು ಹಿಡಿದಿತ್ತು. ಕಿಟಕಿಯ ಗಾಜಿನಲ್ಲಿ ಮುಖ ಇಟ್ಟು ನೋಡಿದರೆ ಒಳಗೆ ಬೆಂಚುಗಳನ್ನು ಒಂದರ ಮೇಲೊಂದು ಪೇರಿಸಿದ್ದರು. ಮಳೆ ಆಗಷ್ಟೇ ನಿಂತಿತ್ತು. ಸಮವಸ್ತ್ರದ ಒಬ್ಬ ಹುಡುಗಿ ಅಂಗಳ ದಾಟುತ್ತಿದ್ದವಳು ನನ್ನನ್ನು ನೋಡಿ ನಿಂತಳು.

"ಯಾರ ಬೇಕಾಗಿತ್ರಿ?"

"ಯಾರೂ ಇಲ್ಲವ್ವ," ಎಂದೆ. "ಹಂಗ ಬಂದಿದ್ದೆ."

ಅವಳು ಇನ್ನೊಮ್ಮೆ ನನ್ನನ್ನು ನೋಡಿ, ಹರಳುಕಲ್ಲು ಸಿಕ್ಕಿಕೊಂಡ ಚಪ್ಪಲಿಯನ್ನು ಕೊಡವಿಕೊಂಡು ತನ್ನ ದಾರಿ ಹಿಡಿದಳು. ನಾನು ಸ್ವಲ್ಪ ಹೊತ್ತು ಅಲ್ಲೇ ಕಟ್ಟೆಯ ಮೇಲೆ ಕೂತೆ.