ಗಂಡಸರ ಚೂರ್ಣ ಕುಟ್ಟಿದವರು

ನನ್ನ ಗಂಡ ಇಪ್ಪತ್ತೆರಡು ವರ್ಷ ಪಂಡಿತನ ಔಷಧಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಚೂರ್ಣ ಕುಟ್ಟಿದರು. ಗಂಡಸರ ಚೂರ್ಣ. ಮಕ್ಕಳಾಗದವರಿಗೆ, ಮೈಯಲ್ಲಿ ಕಸುವಿಲ್ಲ ಎನ್ನುವವರಿಗೆ. ಅಶ್ವಗಂಧ, ನೆಗ್ಗಿನಮುಳ್ಳು, ನೆಲಗುಂಬಳದ ಗೆಡ್ಡೆ, ನಸುಗುನ್ನಿ ಬೀಜ. ಕಿಟಕಿ ಇಲ್ಲದ ಕೋಣೆ ಅದು. ಮೂಗಿಗೆ ಬಟ್ಟೆ ಕಟ್ಟಿಕೊಂಡೇ ಕೂರಬೇಕು. ಮನೆಗೆ ಬರುವಾಗ ಹುಬ್ಬಿನವರೆಗೂ ಪುಡಿ. ಸ್ನಾನ ಮಾಡಿದರೂ ಬೇರಿನ ವಾಸನೆ ಹೋಗುತ್ತಿರಲಿಲ್ಲ. ನನಗೆ ಅದೇ ರೂಢಿಯಾಗಿತ್ತು.

ಅಂಗಡಿಯ ಬೆಂಚಿನ ಮೇಲೆ ಕೂರುವ ಗಂಡಸರಲ್ಲಿ ಒಬ್ಬನಿಗೂ ಕಾಯಿಲೆ ಇರುತ್ತಿರಲಿಲ್ಲ. ಎಲ್ಲರದೂ ಸ್ನೇಹಿತನ ಕಾಯಿಲೆಯೇ. ಒಬ್ಬ ನಮ್ಮವರನ್ನು ನಿಮಗೆ ಮಕ್ಕಳೆಷ್ಟು ಎಂದು ಕೇಳಿದನಂತೆ. "ಒಬ್ಬಳೇ ಮಗಳು. ಅದೂ ಈ ಕೆಲಸಕ್ಕೆ ಸೇರೋ ಮುಂಚೆ" ಎಂದರಂತೆ. ಪಂಡಿತ ಎರಡು ದಿನ ಮುಖ ಊದಿಸಿಕೊಂಡಿದ್ದ.

ನಸುಗುನ್ನಿ ಬೀಜವನ್ನು ಹಾಗೇ ಕುಟ್ಟಬಾರದು. ಹಾಲಿನಲ್ಲಿ ಬೇಯಿಸಬೇಕು, ಒಂದೊಂದಾಗಿ ಸಿಪ್ಪೆ ಸುಲಿಯಬೇಕು, ನೆರಳಲ್ಲಿ ಒಣಗಿಸಬೇಕು. ಆ ಕೆಲಸ ನನ್ನದು. ಮನೆಯಲ್ಲೇ ಮಾಡಿ ಕಳಿಸುತ್ತಿದ್ದೆ.

ಒಂದು ದಿನ ಪಂಡಿತ ಬೀಜ ಸುಲಿಯುವುದು ಬೇಡ ಎಂದ. ತಿಂಗಳುಗಟ್ಟಲೆ ತಿನ್ನುವ ತಾಳ್ಮೆ ಈಗ ಯಾರಿಗಿದೆ, ತಿಂದ ದಿನವೇ ಗುಣ ಕಾಣಬೇಕು ಎಂದ. ಎಲ್ಲಿಂದಲೋ ಇಂಗ್ಲಿಷ್ ಮಾತ್ರೆ ತರಿಸಿ, ಪುಡಿ ಮಾಡಿ ಬೆರೆಸು ಎಂದ. ನಮ್ಮವರು ಒಲ್ಲೆ ಎಂದರು. ಪರದೆಯ ಹಿಂದೆ ಅವನೇ ಬೆರೆಸಿಕೊಂಡ. ನಮ್ಮವರು ನೋಡಿಯೂ ಸುಮ್ಮನಿದ್ದರು. ಅದು ಅವರ ತಪ್ಪು. ಸತ್ತವರೆಂದು ಮುಚ್ಚಿಡುವುದಿಲ್ಲ.

ಎದೆನೋವಿದ್ದ ಒಬ್ಬ ಲಾರಿ ಡ್ರೈವರ್ ಆ ಚೂರ್ಣ ತಿಂದು ಬಿದ್ದ. ಆಸ್ಪತ್ರೆ ಸೇರಿ ಹೇಗೋ ಉಳಿದ. ಅವನ ಅಣ್ಣತಮ್ಮಂದಿರು ಅಂಗಡಿಗೆ ನುಗ್ಗಿದಾಗ ಪಂಡಿತ ಹಿಂದಿನ ಕೋಣೆಗೆ ಕೈ ತೋರಿಸಿದ. ಕುಟ್ಟುವವನು ಏನೋ ಬೆರೆಸಿದ್ದಾನೆ ಎಂದ. ನಮ್ಮವರನ್ನು ಬೀದಿಗೆಳೆದು ಹೊಡೆದರು. ಕೆಲಸ ಹೋಯಿತು. ವಿಷ ಕುಟ್ಟಿದವನು ಎಂದು ಬೀದಿಯೆಲ್ಲ ಆಡಿಕೊಂಡಿತು. ಬೀಗರೂ ಆಡಿಕೊಂಡರು. ಮಗಳು ತವರಿಗೆ ಬರುವುದು ನಿಂತಿತು.

ನಮ್ಮವರು ಬಾಯಿ ಬಿಡಲಿಲ್ಲ. ಅನ್ನ ಕೊಟ್ಟ ಮನೆ ಎನ್ನುತ್ತಿದ್ದರು. ತಾವು ಅನ್ನ ಬಿಟ್ಟರು. ಎಂಟು ತಿಂಗಳಿಗೆ ಹೋದರು. ಸಾಯುವ ಹಿಂದಿನ ದಿನವೂ, "ಬಿಡೇ, ದೇವರು ನೋಡ್ಕೋತಾನೆ" ಎಂದರು. ದೇವರಿಗೆ ಬೇರೆ ಕೆಲಸವೂ ಇರುತ್ತದೆ. ಅವರ ಮೇಲೆ ಹೊರಿಸಿದ ಮಾತನ್ನು ಪಂಡಿತನ ಬಾಯಿಂದಲೇ ವಾಪಸು ತೆಗೆಸಬೇಕೆಂದು ನಾನು ಕಾದೆ.

ಮೂರು ತಿಂಗಳ ಮೇಲೆ ಒಂದು ಮಧ್ಯಾಹ್ನ ಪಂಡಿತನೇ ನಮ್ಮ ಬಾಗಿಲಿಗೆ ಬಂದ. ಇಷ್ಟು ವರ್ಷ "ಏ ಇವಳೇ" ಎನ್ನುತ್ತಿದ್ದವನು ಅಂದು "ತಂಗಿ" ಎಂದ. ಅವನ ಮಗನಿಗೆ ಮದುವೆಯಾಗಿ ಆರು ವರ್ಷ, ಮಕ್ಕಳಿಲ್ಲ. ಹುಟ್ಟಿನಿಂದ ಎದೆಯ ತೊಂದರೆ ಬೇರೆ. ಹಳೇ ಕ್ರಮದಲ್ಲಿ ಒಂದು ಡಬ್ಬಿ ಚೂರ್ಣ ಮಾಡಿಕೊಡು, ಯಾರಿಗೂ ತಿಳಿಯುವುದು ಬೇಡ ಎಂದ.

"ನಿಮ್ಮ ಅಂಗಡಿ ತುಂಬ ಡಬ್ಬಿ ಇವೆಯಲ್ಲ" ಎಂದೆ.

"ಅದು ಅಂಗಡಿಗೆ, ತಂಗಿ. ಮನೆಗಲ್ಲ."

ಹತ್ತು ದಿನ ಬೇಕು ಎಂದೆ.

ಕೆಲಸದಲ್ಲಿ ಮೋಸ ಮಾಡಲಿಲ್ಲ. ಬೇಯಿಸಿದೆ, ಸುಲಿದೆ, ಒಣಗಿಸಿದೆ, ತೆಳು ಬಟ್ಟೆಯಲ್ಲಿ ಸೋಸಿದೆ. ಕುಟ್ಟುವಾಗ ಒಂದೊಂದು ಏಟಿಗೂ ಪಂಡಿತನ ಹೆಸರು ಹೇಳಿದೆ.

ಜನ ಹೆಚ್ಚು ಬರುವ ದಿನ ನೋಡಿಕೊಂಡು ಅಂಗಡಿಗೆ ಹೋದೆ. ಬೆಂಚಿನ ಮೇಲೆ ಏಳು ಜನ. ಹೆಂಗಸನ್ನು ಕಂಡು ಏಳು ಮುಖವೂ ಗೋಡೆಗೆ ತಿರುಗಿದವು. ಗಲ್ಲಾದಲ್ಲಿ ಪಂಡಿತನ ಮಗ ಕೂತಿದ್ದ, ಪಕ್ಕದಲ್ಲಿ ಪಂಡಿತ. ಡಬ್ಬಿಯನ್ನು ಮಗನ ಮುಂದಿಟ್ಟೆ.

"ತಗೋಪ್ಪಾ. ನಿಮ್ಮಪ್ಪ ನಿನಗೋಸ್ಕರ ನನ್ನ ಹತ್ರ ಮಾಡಿಸಿದ ಚೂರ್ಣ. ಇಲ್ಲಿರೋದು ಅಂಗಡಿಗಂತೆ, ಮನೆಗಲ್ಲವಂತೆ."

ಪಂಡಿತ ನಕ್ಕ. ಗಂಡ ಸತ್ತ ಮೇಲೆ ಇವಳ ತಲೆ ನೆಟ್ಟಗಿಲ್ಲ ಎಂದು ಬೆಂಚಿನವರಿಗೆ ಹೇಳಿದ.

"ಹಾಗಾದ್ರೆ ನಿಮ್ಮ ಡಬ್ಬಿಯಿಂದ ಒಂದು ಚಮಚ ತೆಗೆದು ಮಗನಿಗೆ ತಿನ್ನಿಸಿ. ನಿಮ್ಮ ಕಾಲಿಗೆ ಬಿದ್ದು ಹೋಗ್ತೀನಿ."

ಮಗನಿಗೆ ಏನೂ ಗೊತ್ತಿರಲಿಲ್ಲ. ಅಪ್ಪನ ಮಾನ ಉಳಿಸಲು ತಾನೇ ಅಂಗಡಿಯ ಒಂದು ಡಬ್ಬಿ ಇಳಿಸಿದ. ಚಮಚ ತುಂಬಿ ಬಾಯಿಯ ಹತ್ತಿರ ತಂದ. ಅವನ ಎದೆಯ ವಿಷಯ ನನಗೆ ಗೊತ್ತಿತ್ತು. ನಾನು ತಡೆಯಲಿಲ್ಲ.

ಪಂಡಿತ ಅವನ ಕೈಗೆ ಹೊಡೆದ. ಚಮಚ ಹಾರಿ ಬಿತ್ತು.

"ಬೇಡ. ಮಾತ್ರೆ ಇದೆ ಅದರಲ್ಲಿ."

"ಹಾಕಿದ್ದು ಯಾರು?" ಎಂದೆ.

ಏಳು ಜನವೂ ಈಗ ಅವನನ್ನೇ ನೋಡುತ್ತಿದ್ದರು.

"ನಾನೇ."

"ನನ್ನ ಗಂಡ?"

"ಅವನು ಮುಟ್ಟಿಲ್ಲ."

ನನ್ನ ಡಬ್ಬಿ ಎತ್ತಿಕೊಂಡು ಹೊರಟೆ. ಮಗ ಬೀದಿಗೆ ಓಡಿ ಬಂದ. "ಅಮ್ಮಾ, ಅದನ್ನಾದ್ರೂ ಕೊಡಿ" ಎಂದ. ಒಳ್ಳೆಯ ಹುಡುಗ. ಅವನದೇನೂ ತಪ್ಪಿಲ್ಲ. ಮುಚ್ಚಳ ತೆಗೆದು ಅವನ ಕಣ್ಣೆದುರಿಗೇ ಮೋರಿಗೆ ಸುರಿದೆ. ಚಿಟಿಕೆಯೂ ಉಳಿಯಬಾರದೆಂದು ತಳ ತಟ್ಟಿದೆ.