ನಿಂತಾಗ ಮಾತಾಡುವ ಕಾರು

ಓಡಾಡುವಾಗ ಸುಮ್ಮನಿದ್ದು, ಸುಮ್ಮನೆ ನಿಂತಾಗ ಗೊಣಗುವುದು ಮನುಷ್ಯರಿಗೆ ಮಾತ್ರ ಬರುವ ಕಾಯಿಲೆ ಎಂದುಕೊಂಡಿದ್ದೆ. ನಮ್ಮ ಕಾರಿಗೂ ಬಂತು. ಗೇರಿಗೆ ಹಾಕಿ ಹೊರಟರೆ ತುಟಿಪಿಟಿಕ್ಕೆನ್ನದು. ಮುಳಬಾಗಿಲು ಬಸ್‌ಸ್ಟ್ಯಾಂಡಿನ ಮುಂದೆ ಯಾವುದಾದರೂ ಹಸು ದಾರಿಗಡ್ಡ ನಿಂತು ಯೋಚನೆಗೆ ತೊಡಗಿತೋ, ಬಾನೆಟ್ಟಿನೊಳಗಿಂದ ಶುರು: ಲೊಟ ಲೊಟ ಲೊಟ. ಆಕ್ಸಿಲರೇಟರ್ ಒತ್ತಿದರೆ ಮಾಯ.

ಜ್ವರಕ್ಕೂ ಇಂಜಿನ್ ಸದ್ದಿಗೂ ಔಷಧಿ ಹೇಳಲು ನಮ್ಮೂರಲ್ಲಿ ಯಾರೂ ಓದಿರಬೇಕಾಗಿಲ್ಲ. ಹಾಲಿನ ಡೇರಿಯವರು ಬೆಲ್ಟು ಎಂದರು. ಟೊಮೆಟೊ ಮಂಡಿಯವರು ಪೆಟ್ರೋಲಿನ ಕಲಬೆರಕೆ ಎಂದರು. ಸ್ಕೂಟರನ್ನೂ ಹತ್ತದ ಎದುರುಮನೆ ಮೇಷ್ಟ್ರು ಕಣ್ಣು ಮುಚ್ಚಿ, ಸಂಗೀತ ಕೇಳುವವರಂತೆ ತಲೆದೂಗಿ, "ಬೇರಿಂಗು" ಎಂದರು. ಅಪ್ಪ ಮಾತ್ರ ಬಿಡಿಭಾಗಗಳ ಗೊಡವೆಗೇ ಹೋಗದೆ ನೇರವಾಗಿ ಅಪರಾಧಿಯನ್ನು ಹಿಡಿದರು.

"ಇವಳು ಹಾಫ್ ಕ್ಲಚ್ಚಲ್ಲೇ ಓಡಿಸ್ತಾಳೆ. ಇಂಜಿನ್ ಪಾಪ ಎಷ್ಟು ಅಂತ ತಡಕೊಳತ್ತೆ?"

ಇವಳು ಎಂದರೆ ಅಮ್ಮ. ಐವತ್ತು ದಾಟಿದ ಮೇಲೆ ಕಾರು ಕಲಿತವಳು. ಗೌನಿಪಲ್ಲಿಯಲ್ಲಿರುವ ತನ್ನ ಅಕ್ಕನನ್ನು ನೋಡಲು ವಾರಕ್ಕೊಮ್ಮೆ, ಯಾರಿಗೂ ದಮ್ಮಯ್ಯ ಎನ್ನದೆ, ತಾನೇ ಹೋಗಿಬರುತ್ತಿದ್ದಳು. ಅಪ್ಪನ ತೀರ್ಪು ಬಂದ ದಿನವೇ ಕಾರಿನ ಕೀ ಅವರ ಜೇಬು ಸೇರಿತು. ಸದ್ದು ಯಾಕೆ ಅಂತ ಗೊತ್ತಾಗೋವರೆಗೂ ಕೊಡಲ್ಲ ಎಂದರು. ದೊಡ್ಡಮ್ಮ ಫೋನಿನಲ್ಲಿ, "ಕಾರು ಏಮೈಂದೇ, ಈ ವಾರಮು ಕೂಡಾ ರಾಲೇದು?" ಎಂದು, ಈ ವಾರವೂ ಯಾಕೆ ಬರಲಿಲ್ಲವೆಂದು ತೆಲುಗಿನಲ್ಲಿ ಕೇಳಿದರೆ ಅಮ್ಮ, "ಬಿಸಿಲು ಕಣಕ್ಕಾ" ಎಂದು ಸುಳ್ಳು ಹೇಳಿದಳು. ನನಗೆ ರಕ್ತ ಕುದಿಯಿತು.

ನಾನಾದರೋ ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪರ ಎಂದರೆ ಪರ, ವಿರೋಧ ಎಂದರೆ ವಿರೋಧ ಮಾತಾಡಿ ಮನೆ ತುಂಬ ಸ್ಟೀಲ್ ತಟ್ಟೆ ಗೆದ್ದವಳು. ಅಮ್ಮನ ವಕಾಲತ್ತು ವಹಿಸಿದೆ. ಕಾಗೆ ಕೂತಿತು, ತಾಳೆಹಣ್ಣು ಬಿತ್ತು; ಕಾಗೆಯೇ ಬೀಳಿಸಿತು ಅನ್ನಬಹುದೇ? ನಮ್ಮ ಹಿರಿಯರು ಇದಕ್ಕೆ ಕಾಕತಾಳೀಯ ನ್ಯಾಯ ಎಂದು ಹೆಸರಿಟ್ಟು ಎಷ್ಟೋ ಕಾಲವಾಯಿತು. ಆ ಕಾಗೆ ಹೆಣ್ಣಾಗಿದ್ದು, ಅದಕ್ಕೆ ಡ್ರೈವಿಂಗ್ ಲೈಸೆನ್ಸೂ ಇದ್ದಿದ್ದರೆ ಹಿರಿಯರೂ ಅದರದ್ದೇ ತಪ್ಪು ಎನ್ನುತ್ತಿದ್ದರೋ ಏನೋ. ಇಷ್ಟನ್ನೂ ಅಪ್ಪನಿಗೆ ಒಪ್ಪಿಸಿದೆ. ಅವರು ಪೇಪರ್ ಮಡಿಸಿಟ್ಟು, "ಕಾಗೆ ವಿಷಯ ಬಿಡು, ಕಾರಿನ ವಿಷಯ ಹೇಳು" ಎಂದರು.

ಭಾನುವಾರ ಬೆಳಿಗ್ಗೆ ಮೆಕ್ಯಾನಿಕ್ ನಯಾಜಣ್ಣ ಬಂದರು. ಇಂಜಿನ್ ಚಾಲೂ ಇಟ್ಟು ಬಾನೆಟ್ ಎತ್ತಿದೆವು. ನಾನು ತರ್ಕಬದ್ಧವಾಗಿ ಹೊರಟೆ. ಎ.ಸಿ. ಆರಿಸಿದೆ, ಸದ್ದು ಇತ್ತು. ಕ್ಲಚ್ ಒತ್ತಿ ಹಿಡಿದೆ, ಆಗಲೂ ಇತ್ತು. ಸೈಲೆನ್ಸರ್ ಅಲ್ಲಾಡಿಸಿದೆ, ಕೈ ಸುಟ್ಟಿತು. ನಯಾಜಣ್ಣ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ, ಹಿಡಿಯನ್ನು ಕಿವಿಗೆ ಒತ್ತಿಕೊಂಡರು.

"ಟ್ಯಾಪೆಟ್ಟು ಸಾರ್. ಅದಿಲ್ಲಾಂದ್ರೆ ಟೈಮಿಂಗ್ ಚೈನು. ಎರಡೂ ಅಲ್ಲಾಂದ್ರೆ ಇಂಜಿನ್ನೇ ಇಳಿಸ್‌ಬೇಕು."

ಅಪ್ಪ ಅಮ್ಮನ ಕಡೆ ನೋಡಿದರು. ಆ ನೋಟದಲ್ಲಿ ಮೂರು ಆಯ್ಕೆಗಳೂ ಸೇರಿ ಒಂದೇ ಆಗಿದ್ದವು.

"ಈ ಕಡೆ ಒಂದು ಸಲ ಕಿವಿ ಇಟ್ರೆ ಪಕ್ಕಾ ಆಗತ್ತೆ ಸಾರ್. ಆದ್ರೆ ಇದು ಅಡ್ಡ ಇದೆ" ಎಂದರು ನಯಾಜಣ್ಣ.

ಬ್ಯಾಟರಿಯ ಪಕ್ಕದ ಪಟ್ಟಿಗೆ ಬಿಗಿದಿದ್ದ ಕೆಂಪು ಬಟ್ಟೆಯ ಗಂಟು. ಒಳಗೆ ದೃಷ್ಟಿಯ ತೆಂಗಿನಕಾಯಿ. ನಮ್ಮ ಕಡೆ ಅರ್ಧ ಗಾಡಿಗಳ ಹೊಟ್ಟೆಯಲ್ಲಿ ಇಂಥದ್ದೊಂದು ಇರುತ್ತದೆ, ಯಾರೂ ಅದರ ಕಡೆ ನೋಡುವುದಿಲ್ಲ. ಅಪ್ಪ ನೋಡಿರಲಿಲ್ಲ, ಭಕ್ತಿಯಿಂದ. ನಯಾಜಣ್ಣ ಮುಟ್ಟಿರಲಿಲ್ಲ, ಮರ್ಯಾದೆಯಿಂದ. ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ, ತಿರಸ್ಕಾರದಿಂದ. ಮೂಢನಂಬಿಕೆಗೆ ತೂಕವೂ ಸದ್ದೂ ಇರಬಹುದೆಂದು ಯಾವ ವಿಚಾರವಾದಿ ತಾನೇ ಯೋಚಿಸುತ್ತಾನೆ?

"ದೇವರ್ದು, ನಾವು ಮುಟ್ಟಲ್ಲ ಸಾರ್. ನೀವೇ ಬಿಚ್ಚಿ."

"ನಂದಿನ್ನೂ ಸ್ನಾನ ಆಗಿಲ್ಲಯ್ಯ" ಎಂದರು ಅಪ್ಪ. ನನ್ನದೂ ಆಗಿರಲಿಲ್ಲ. ಹೀಗಾಗಿ, ಅಷ್ಟು ದಿನ ಬಾನೆಟ್ಟಿನ ಹತ್ತಿರವೂ ಬಿಟ್ಟುಕೊಳ್ಳದಿದ್ದ ಆರೋಪಿಯನ್ನೇ, ಮನೆಯಲ್ಲಿ ಸ್ನಾನವಾಗಿದ್ದವಳು ಅವಳೊಬ್ಬಳೇ ಎಂಬ ಕಾರಣಕ್ಕೆ, ಕರೆಯಬೇಕಾಯಿತು.

ಅಮ್ಮ ಗಂಟು ಬಿಚ್ಚಿ ಕೈಗೆ ತೆಗೆದುಕೊಂಡಳು. ಸದ್ದು ನಿಂತಿತು. ಇಂಜಿನ್ ಮಾತ್ರ ಸಾಧುವಿನಂತೆ ಗುನುಗುತ್ತಿತ್ತು. ತೆಂಗಿನಕಾಯಿ ಸಿಕ್ಕರೆ ಎಲ್ಲರೂ ಮಾಡುವಂತೆ ಅವಳೂ ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಲೊಟ ಲೊಟ ಲೊಟ. ಇಂಜಿನ್ನಿನ ಶಾಖಕ್ಕೆ ತಿಂಗಳುಗಟ್ಟಲೆ ಒಣಗಿ, ಕೊಬ್ಬರಿ ಚಿಪ್ಪು ಬಿಟ್ಟು ಗಿಟುಕಾಗಿ, ಗಾಡಿ ನಿಂತು ನಡುಗಿದಾಗಲೆಲ್ಲ ಒಳಗೇ ಕುಣಿಯುತ್ತಿತ್ತು.

"ಯಾರ್ರೀ ಇದನ್ನ ಕಟ್ಟಿದ್ದು?"

ಅಪ್ಪ ಬೇವಿನ ಮರವನ್ನು ನೋಡುತ್ತ, "ನೀನು ಲೈಸೆನ್ಸ್ ತಗೊಂಡ್ಯಲ್ಲ… ಆವಾಗ ಕುರುಡುಮಲೆ ಗಣಪನ ಹತ್ರ ಪೂಜೆ ಮಾಡಿಸ್ಕೊಂಡು ಬಂದೆ" ಎಂದರು. ನಯಾಜಣ್ಣ ಸ್ಕ್ರೂಡ್ರೈವರ್ ಒರೆಸಿಕೊಳ್ಳುತ್ತ, "ಮುಂದಿನ ಸಲ ಸಣ್ಣ ಕಾಯಿ ಕಟ್ಟಿ ಸಾರ್" ಎಂದು ಸಲಹೆ ಕೊಟ್ಟರು. ಟ್ಯಾಪೆಟ್ಟಿನ ಬಗ್ಗೆ ಆಮೇಲೆ ಅವರು ಮಾತೆತ್ತಲಿಲ್ಲ.

ಗೆದ್ದೆವೆಂದು ನಾನು ಗಂಟಲು ಸರಿಮಾಡಿಕೊಂಡೆ. ಅಪ್ಪ ಅಷ್ಟರಲ್ಲಿ ಚೇತರಿಸಿಕೊಂಡಿದ್ದರು. "ನೋಡಿದ್ರಾ? ಇಂಜಿನ್ನಿಗೆ ಏನಂದ್ರೆ ಏನೂ ಆಗಿಲ್ಲ. ಯಾರು ಕಾಪಾಡಿದ್ದು? ಆ ಕಾಯಿ!"

ಯಾವ ಸಾಕ್ಷಿಯಿಂದಲೂ ಸುಳ್ಳಾಗದ ಮಾತು ವಾದವೇ ಅಲ್ಲ ಎಂದು ಶುರುಮಾಡುವಷ್ಟರಲ್ಲಿ ಅಮ್ಮ, "ಸುಮ್ನಿರೇ, ಅಪ್ಪ ಹೇಳ್ತಿರೋದು ಸರಿ" ಎಂದುಬಿಟ್ಟಳು.

"ಅಷ್ಟು ದಿನ ಹಾಫ್ ಕ್ಲಚ್ಚಲ್ಲಿ ಓಡಿಸಿದ್ರೂ ಏನೂ ಆಗದಂಗೆ ಕಾಪಾಡಿದ್ದಾನೆ ಅಂದ್ಮೇಲೆ, ಇನ್ಮೇಲೂ ಕಾಪಾಡ್ತಾನೆ. ಗಣಪನ ಮೇಲೆ ನಂಬಿಕೆ ಇಲ್ವೇನ್ರೀ ನಿಮಗೆ? ಕೀ ಕೊಡಿ."

ಅಪ್ಪ ಜೇಬಿಗೆ ಕೈ ಹಾಕಿದರು. ಕೀ ಅಮ್ಮನ ಕೈ ಸೇರಿತು.

ಎದುರಾಳಿಯ ವಾದವನ್ನು ಬುಡಮೇಲು ಮಾಡುವುದು ಹೇಗೆಂದು ನನಗೆ ವರ್ಷಗಟ್ಟಲೆ ಕಲಿಸಿದ್ದರು. ಅದರೊಳಗೇ ಹತ್ತಿ ಕೂತು ಗೌನಿಪಲ್ಲಿಗೆ ಓಡಿಸಿಕೊಂಡು ಹೋಗಬಹುದೆಂದು ಯಾರೂ ಹೇಳಿರಲಿಲ್ಲ.