ಜಿ ಡ್ರೈವಿನ ಹಿರಿಯರು

ಹೊಸ ಡಿಸ್ಕ್ ತಂದಿದ್ದೆ. ಹಳೆಯದರಲ್ಲಿ ಇದ್ದುದನ್ನೆಲ್ಲ ಅದಕ್ಕೆ ಸಾಗಿಸೋಣವೆಂದು ಕಂಪ್ಯೂಟರಿನ ಡಬ್ಬ ಬಿಚ್ಚಿ ಹಳೇ ಡಿಸ್ಕನ್ನು ಹೊರಗೆಳೆದಾಗ ಬೆರಳಿಗೆ ಬೂದಿಯಂಥದ್ದು ಅಂಟಿತು. ಧೂಳಿರಬೇಕೆಂದು ಮೂಸಿದರೆ ವಿಭೂತಿ. ಯಾವುದೋ ಆಯುಧಪೂಜೆಯಲ್ಲಿ ಅಕ್ಕ ಎಳೆದಿದ್ದ ಮೂರು ಗೆರೆ... ಅಲ್ಲೇ ಕುಳಿತುಬಿಟ್ಟೆ.

ಅಕ್ಕ ಎಂದರೆ ಒಡಹುಟ್ಟಿದವರಲ್ಲ. ವಿಜಯನಗರದಲ್ಲಿ ಮದುವೆ ವಿಡಿಯೋ ಮಾಡುವ ಪುಟ್ಟ ಸ್ಟುಡಿಯೋ ನಡೆಸುತ್ತಿದ್ದವರು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಕಾಮಾಕ್ಷಿಪಾಳ್ಯದಲ್ಲಿ ವೆಲ್ಡಿಂಗ್ ಮಾಡಿಕೊಂಡಿದ್ದ ನಾನು, ಅವರ ಅಂಗಡಿಯ ಷಟರ್ ರಿಪೇರಿಗೆಂದು ಹೋದವನು, ಅಲ್ಲೇ ಕಂಪ್ಯೂಟರ್ ಮುಂದೆ ಕುಳಿತೆ. ದುಡಿದು ಕಲಿತೆ, ಹಾಗೆ ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಗಿರಾಕಿಗಳ ಮುಂದೆ ಅಕ್ಕ ಮೊದಲ ದಿನದಿಂದಲೂ "ಇವರು ನಮ್ಮ ಎಡಿಟರ್" ಎಂದೇ ಹೇಳುತ್ತಿದ್ದರು.

ಡಿಸ್ಕ್ ಭಾಗ ಮಾಡುವುದನ್ನು ಅವರು ಕಲಿಸಿದ ರೀತಿಯೇ ಬೇರೆ. "ಸಿ ಡ್ರೈವಲ್ಲಿ ಸಾಫ್ಟ್‌ವೇರ್ ಬಿಟ್ಟು ಏನೂ ಇಡ್ಬೇಡ. ಡಿ-ಲಿ ನಡೀತಿರೋ ಕೆಲಸ. ಇ-ಲಿ ಕ್ಯಾಮೆರಾದಿಂದ ಬಂದಿದ್ದು ಬಂದ ಹಾಗೇ. ಎಫ್-ಲಿ ಮುಗಿದಿದ್ದು. ಸಾಸಿವೆ ಡಬ್ಬೀಲಿ ಮೆಣಸು ಹಾಕಿದ್ರೆ ಒಗ್ಗರಣೆ ಹೊತ್ತಲ್ಲಿ ಪರದಾಡ್ತೀಯ ಕಣೋ."

ಕೊನೆಯದು ಜಿ. ಅದಕ್ಕೆ 'ಹಿರಿಯರು' ಎಂದು ಹೆಸರಿಟ್ಟಿದ್ದರು. ಪ್ರತಿ ಮದುವೆಯಲ್ಲೂ ಅಕ್ಕ ಹಿಂದಿನ ಸಾಲಿನ ಕುರ್ಚಿಗಳ ಕಡೆ ಹೋಗಿ, ವಯಸ್ಸಾದವರ ವಿಡಿಯೋವನ್ನು ಒಬ್ಬೊಬ್ಬರದಾಗಿ ತೆಗೆಯುತ್ತಿದ್ದರು. ಮದುವೆ ವಿಡಿಯೋಗೆ ಅವು ಬೇಕಿರಲಿಲ್ಲ, ಜಿ-ಗೆ ಹೋಗುತ್ತಿದ್ದವು. ಎಷ್ಟೋ ದಿನದ ಮೇಲೆ ಆ ಮನೆಯವರು ಬಂದು, "ಮೇಡಂ, ತಾತ ಹೋಗ್ಬಿಟ್ರು... ಒಂದು ಒಳ್ಳೆ ಫೋಟೋನೇ ಇಲ್ಲ" ಎಂದು ಬಾಗಿಲಲ್ಲಿ ನಿಂತಾಗ ಅಕ್ಕ ಜಿ ತೆರೆದು, ನಗುವ ಮುಖವನ್ನು ಹುಡುಕಿ ಕೊಡುತ್ತಿದ್ದರು.

ಡಿಸ್ಕ್ ತುಂಬಿ ಕೆಲಸ ನಿಂತಾಗೆಲ್ಲ ನಾನು ರೇಗುತ್ತಿದ್ದೆ.

"ಅಕ್ಕ, ಡಿಸ್ಕ್ ಗೆರೆ ಮತ್ತೆ ಕೆಂಪಾಯ್ತು. ಈ ಅಜ್ಜಿ ತಾತಂದಿರನ್ನ ಎತ್ತಾಕ್ಲಾ?"

"ನಿನ್ನನ್ನ ಬೇಕಾದ್ರೆ ಎತ್ತಾಕ್ತೀನಿ. ಅವರನ್ನ ಮುಟ್ಟಬೇಡ."

ಒಂದು ದಿನ ಬೆಳಗ್ಗೆ ಫೋನ್ ಮಾಡಿ "ಆಲ್ಬಮ್ ಬಂತೇನೋ?" ಎಂದು ಕೇಳಿದ್ದ ಅಕ್ಕ ಮಧ್ಯಾಹ್ನಕ್ಕೆ ಇರಲಿಲ್ಲ. ಹೃದಯಾಘಾತ ಎಂದರು.

ಅವರ ತಮ್ಮ ಸ್ಟುಡಿಯೋಗೆ ಬಂದರು. ಆ ಬಾಗಿಲಲ್ಲೇ ನಿಂತರು. "ಶಿವಗಣಾರಾಧನೆಗೆ ಇಡೋಕೆ ಅಕ್ಕನ ಫೋಟೋ ಬೇಕಿತ್ತು. ನಿಮ್ಮತ್ರ ಇದ್ದೇ ಇರುತ್ತಲ್ವಾ?"

"ಇಲ್ದೇ ಇರುತ್ತಾ ಸಾರ್, ಕೂತ್ಕೊಳ್ಳಿ" ಎಂದೆ.

ಡಿ ನೋಡಿದೆ. ಇ ನೋಡಿದೆ. ಎಫ್ ನೋಡಿದೆ. ಫೋನಿನಲ್ಲಿ ಒಮ್ಮೆ ತೆಗೆಯಲು ಹೋಗಿದ್ದೆ. ಅದರಲ್ಲಿ ಇದ್ದುದು ಅಕ್ಕ ಅಡ್ಡ ಹಿಡಿದ ಅಂಗೈ ಮಾತ್ರ. ಕೊನೆಗೆ ಜಿ ತೆರೆದು ಒಂದೊಂದೇ ನೋಡುತ್ತಾ ಹೋದೆ. ಮದುವೆ ವಿಡಿಯೋದಲ್ಲಿ ಹಾಡು ತುಂಬಿ ದನಿ ತೆಗೆದುಬಿಡುತ್ತೇವೆ. ಜಿ-ಯಲ್ಲಿ ಎಲ್ಲ ಇದ್ದ ಹಾಗೇ ಇತ್ತು.

"ಅಜ್ಜಿ, ಈ ಕಡೆ ನೋಡಿ. ಹಲ್ಲಿಲ್ದಿದ್ರೂ ಪರವಾಗಿಲ್ಲ, ನಗಿ." ಅಕ್ಕನ ದನಿ.

ಅಜ್ಜಿ ಬೊಚ್ಚುಬಾಯಿ ಬಿಟ್ಟು ನಕ್ಕಿತು. "ಎಲ್ಲಾರ್ದೂ ತೆಗೀತೀಯ, ನಿಂದು ಯಾರವ್ವಾ ತೆಗೆಯೋರು?"

"ನಮ್ ಎಡಿಟರ್ ಇದಾನಲ್ಲಜ್ಜಿ, ಅವನು ತೆಗೀತಾನೆ ಬಿಡಿ."

ನಾನು ಸ್ಕ್ರೀನ್ ಕಡೆಯಿಂದ ತಿರುಗಲಿಲ್ಲ. ಹಿಂದೆ ಅವರ ತಮ್ಮ ಬಿಕ್ಕುವುದು ಕೇಳುತ್ತಿತ್ತು...

ಕೊನೆಗೆ ಆಧಾರ್ ಕಾರ್ಡಿನ ಫೋಟೋವನ್ನೇ ದೊಡ್ಡದು ಮಾಡಿ ಹಾರ ಹಾಕಿದೆವು. ಅದರಲ್ಲಿ ಅಕ್ಕ ನಗುತ್ತಿಲ್ಲ.

ಸ್ಟುಡಿಯೋ ಈಗ ನನ್ನ ಕೈಯಲ್ಲಿದೆ. ಹೊಸ ಡಿಸ್ಕನ್ನೂ ಅದೇ ರೀತಿ ಭಾಗ ಮಾಡಿದೆ. ಜಿ-ಯನ್ನೇ ಮೊದಲು ಸಾಗಿಸಿದೆ. ವಿಭೂತಿಯನ್ನು ಒರೆಸದೆ ಹಳೇ ಡಿಸ್ಕನ್ನು ಬೀರುವಿನಲ್ಲಿಟ್ಟೆ. ಸಾಗಿಸಿದ್ದು ಸರಿಯಾಗಿದೆಯೇ ಎಂದು ಕೆಲವನ್ನು ತೆರೆದು ನೋಡಿದೆ. ಅಜ್ಜಿಯರು, ತಾತಂದಿರು. ಅವರೆಲ್ಲ ನಗುತ್ತಿರುವುದು ಕ್ಯಾಮೆರಾ ಹಿಂದಿನ ಅಕ್ಕನನ್ನು ನೋಡಿ. ಅವರಿಗೆ ಅಕ್ಕ ಕಾಣುತ್ತಿದ್ದಾರೆ. ನನಗೆ...